ಹೊರದೇಶದ ರಾಜ್ಯದ ಜೊತೆ ಸೋದರ ಸಂಬಂಧ: ಫೋಟೋ ತೆಗೆಸಿಕೊಳ್ಳುವ ಮುಂಚೆ ಮಾಡಬೇಕಾದ ಕೆಲಸಗಳು

"ನಾವಿರುವ ರಾಜ್ಯಕ್ಕೂ ಕರ್ನಾಟಕಕ್ಕೂ ಸೋದರ ಒಪ್ಪಂದ ಮಾಡಿಸಬೇಕು, ಯಾರನ್ನು ಕಾಣಬೇಕು?" ಹೊರದೇಶದ ಕನ್ನಡ ಕೂಟದವರು ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಈಚೆಗೆ ಇಲ್ಲಿನ ಕೈಗಾರಿಕಾ ಸಂಘದವರು, ಕಾಲೇಜು ಮೇಷ್ಟ್ರುಗಳು, ಹೊಸದಾಗಿ ಸೇರಿದ ಒಬ್ಬಿಬ್ಬರು ಅಧಿಕಾರಿಗಳೂ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದೇನೆ.

ಎಲ್ಲರಿಗೂ ಸಹಿ ಮಾಡಿಸುವ ಚಿಂತೆ. ನನ್ನನ್ನು ಕೇಳಿದರೆ ಸಹಿ ಸುಲಭ. ಸಹಿಯಾದ ಮೂರನೇ ವರ್ಷ ಆ ಫೈಲ್ ಯಾರ ಮೇಜಿನ ಮೇಲಿದೆ ಅಂತ ಹುಡುಕುವುದೇ ಕಷ್ಟ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಸಮಾರಂಭಕ್ಕೆ ಮುಂಚಿನವು ಮತ್ತು ಆಮೇಲಿನವು.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ

ಇಂಗ್ಲಿಷಿನಲ್ಲಿ ಇದಕ್ಕೆ ‘ಸಿಸ್ಟರ್ ಸ್ಟೇಟ್’, ‘ಸಿಸ್ಟರ್ ಸಿಟಿ’ ಅನ್ನುತ್ತಾರೆ. ಆ ‘ಸಿಸ್ಟರ್’ಗೆ ವಯಸ್ಸಿಲ್ಲ. ಕನ್ನಡದಲ್ಲಿ ಅಕ್ಕ ಅನ್ನಬೇಕು, ಇಲ್ಲವೇ ತಂಗಿ ಅನ್ನಬೇಕು. ಯಾರು ದೊಡ್ಡವರು ಅನ್ನುವುದು ಅಲ್ಲೇ ಇತ್ಯರ್ಥವಾಗಿಬಿಡುತ್ತದೆ. ಚೀನೀ ಭಾಷೆಗೂ ಇದೇ ಪೇಚು. 1973ರಲ್ಲಿ ಟಿಯಾನ್‌ಜಿನ್ ನಗರ ಜಪಾನಿನ ಕೋಬೆ ಜೊತೆ ಜೋಡಿಯಾಯಿತು. ಚೀನಾದಲ್ಲಿ ಅದೇ ಮೊದಲನೆಯದು. ಅವರು ಅಕ್ಕ-ತಂಗಿಯ ಗೋಜಿಗೇ ಹೋಗದೆ ‘ಸ್ನೇಹ ನಗರ’ ಅಂದುಕೊಂಡರು, ಇಂದಿಗೂ ಹಾಗೇ ಕರೆಯುತ್ತಾರೆ. ನಮ್ಮಲ್ಲಿ ‘ಸೋದರ ರಾಜ್ಯ’, ‘ಸೋದರಿ ನಗರ’ ಅಂತ ರೂಢಿಯಾಗಿದೆ, ನಾನೂ ಅದನ್ನೇ ಬಳಸುತ್ತೇನೆ. (ಅಮೆರಿಕದ ಕನ್ನಡ ಕೂಟಗಳ ಒಕ್ಕೂಟದ ಹೆಸರೇ ‘ಅಕ್ಕ’. ಹಾಗಾಗಿ ಅಲ್ಲಿನವರ ಜೊತೆ ಮಾತಾಡುವಾಗ ಗೊಂದಲ ಇನ್ನೂ ಜಾಸ್ತಿ.)

ಸೋದರ ಸಂಬಂಧ ಅಂದರೆ ಎರಡು ದೇಶಗಳ ರಾಜ್ಯ ಸರ್ಕಾರಗಳು ‘ಇಂತಿಂಥ ವಿಷಯದಲ್ಲಿ ಕೂಡಿ ಕೆಲಸ ಮಾಡೋಣ’ ಅಂತ ಬರೆದುಕೊಳ್ಳುವ ಕಾಗದ. ಅದು ದೇಶ-ದೇಶಗಳ ನಡುವಿನ ಒಪ್ಪಂದದಂಥದ್ದಲ್ಲ. ನಮ್ಮ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 10ನೇ ನಮೂದು ವಿದೇಶಾಂಗ ವ್ಯವಹಾರ, 14ನೇ ನಮೂದು ಹೊರದೇಶಗಳೊಂದಿಗಿನ ಒಪ್ಪಂದ. ಎರಡೂ ದೆಹಲಿಯ ಕೈಯಲ್ಲಿವೆ. ರಾಜ್ಯ ಸರ್ಕಾರ ಸಹಿ ಹಾಕುವುದು ಒಡಂಬಡಿಕೆಗೆ, ಅಂದರೆ ಜನ ‘ಎಂಒಯು’ ಅನ್ನುತ್ತಾರಲ್ಲ, ಅದಕ್ಕೆ. ಅದನ್ನು ಮುರಿದರೆ ಯಾರೂ ಯಾರನ್ನೂ ಕೋರ್ಟಿಗೆ ಎಳೆಯುವಂತಿಲ್ಲ.

ಹಾಗಾಗಿ ಅದರಲ್ಲಿ ವೀಸಾ ಸಡಿಲಿಸುತ್ತೇವೆ, ಸುಂಕ ಇಳಿಸುತ್ತೇವೆ ಅಂತ ಬರೆಯುವಂತಿಲ್ಲ. ಅವು ರಾಜ್ಯದ ಕೈಯಲ್ಲೇ ಇಲ್ಲ. ಸಾಲದ ಮಾತೂ ಬೇಡ. 293ನೇ ವಿಧಿಯ ಪ್ರಕಾರ ರಾಜ್ಯ ಭಾರತದ ಒಳಗೆ ಮಾತ್ರ ಸಾಲ ಎತ್ತಬಹುದು. ಉಳಿದಿದ್ದೇನು ಅಂತೀರಾ? ಕೃಷಿ, ತೋಟಗಾರಿಕೆ, ಆರೋಗ್ಯ, ಕುಡಿಯುವ ನೀರು, ಪ್ರವಾಸೋದ್ಯಮ, ಕೌಶಲ ತರಬೇತಿ, ವಿಶ್ವವಿದ್ಯಾಲಯ, ಮ್ಯೂಸಿಯಂ, ಗ್ರಂಥಾಲಯ. ಇಷ್ಟರಲ್ಲೇ ಹತ್ತು ವರ್ಷಕ್ಕಾಗುವಷ್ಟು ಕೆಲಸ ಇದೆ.

ಕರ್ನಾಟಕಕ್ಕೆ ಇದು ಹೊಸದೇನಲ್ಲ. ಜರ್ಮನಿಯ ಬವೇರಿಯಾ ಜೊತೆ 2007ರಿಂದ ಸಂಬಂಧ ಇದೆ, ಬವೇರಿಯಾದ್ದೇ ಒಂದು ಕಚೇರಿ ಬೆಂಗಳೂರಿನಲ್ಲಿದೆ. ಚೀನಾದ ಸಿಚುವಾನ್ ಪ್ರಾಂತ್ಯದ ಜೊತೆಗಿನ ಒಪ್ಪಂದ 2015ರ ಮೇ ತಿಂಗಳಲ್ಲಿ, ಪ್ರಧಾನಿಯವರ ಚೀನಾ ಪ್ರವಾಸದ ಹೊತ್ತಿಗೆ ಆಯಿತು. ನಗರಗಳ ಪಟ್ಟಿ ಬೇರೆಯೇ ಇದೆ: ಬೆಂಗಳೂರಿಗೆ ಮಿನ್ಸ್ಕ್, ಕ್ಲೀವ್‌ಲ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೊ, ಚೆಂಗ್ಡು; ಮೈಸೂರಿಗೆ ಅಮೆರಿಕದ ಸಿನ್ಸಿನಾಟಿ.

ಹಂತ 1: ಒಂದು ಗಟ್ಟಿ ಕಾರಣ ಹುಡುಕಿ

‘ನಮ್ಮಲ್ಲೂ ಐಟಿ ಇದೆ, ಅವರಲ್ಲೂ ಐಟಿ ಇದೆ’ ಅನ್ನುವುದು ಕಾರಣವಲ್ಲ. ಐಟಿ ಎಲ್ಲ ಕಡೆ ಇದೆ. ಅವರಿಗೆ ಬೇಕಾದದ್ದು ನಮ್ಮಲ್ಲಿ ಏನಿದೆ, ನಮಗೆ ಬೇಕಾದದ್ದು ಅವರಲ್ಲಿ ಏನಿದೆ? ಇದನ್ನು ಎರಡೇ ವಾಕ್ಯದಲ್ಲಿ ಹೇಳಲು ಬರಬೇಕು.

ಅಮೆರಿಕದ ಅಯೋವಾ ಮತ್ತು ಜಪಾನಿನ ಯಾಮಾನಾಶಿ ಜೋಡಿಯಾದ ಬಗೆ ನೋಡಿ. 1959ರಲ್ಲಿ ಯಾಮಾನಾಶಿಗೆ ಚಂಡಮಾರುತ ಬಡಿದು ಹೊಲ, ದನಕರು ಹಾಳಾದವು. ಜಪಾನಿನಲ್ಲಿದ್ದ ಅಮೆರಿಕದ ವಾಯುಪಡೆಯ ಒಬ್ಬ ಸಾರ್ಜೆಂಟ್ ಅಯೋವಾದವನು. ಅವನು ಊರಿಗೆ ಸುದ್ದಿ ಮುಟ್ಟಿಸಿದ. ಅಲ್ಲಿನ ರೈತರು ತಳಿ ಹಂದಿಗಳನ್ನು ಕೊಟ್ಟರು. 1960ರ ಜನವರಿಯಲ್ಲಿ ಮೂವತ್ತಕ್ಕೂ ಹೆಚ್ಚು ಹಂದಿಗಳು ವಾಯುಪಡೆಯ ವಿಮಾನದಲ್ಲಿ ಜಪಾನಿಗೆ ಹೋದವು. ಅವುಗಳ ಮೇವಿಗೆ ಮೆಕ್ಕೆಜೋಳ ಹಡಗಿನಲ್ಲಿ ಹೋಯಿತು. ಅದೇ ವರ್ಷ ಎರಡೂ ಸೋದರ ರಾಜ್ಯಗಳಾದವು. ಅಮೆರಿಕ-ಜಪಾನ್ ನಡುವೆ ರಾಜ್ಯ ಮಟ್ಟದಲ್ಲಿ ಅದೇ ಮೊದಲ ಜೋಡಿ. ಯಾಮಾನಾಶಿಯವರು ಕಳಿಸಿದ ದೊಡ್ಡ ಗಂಟೆ ಇವತ್ತಿಗೂ ಅಯೋವಾದ ಶಾಸನಸಭೆಯ ಆವರಣದಲ್ಲಿದೆ. ಅಲ್ಲಿ ಹಂದಿ ಮೊದಲು ಹೋಯಿತು, ಕಾಗದ ಆಮೇಲೆ ಬಂತು.

ನಮಗೆ ಹೊಂದುವ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸುಮ್ನೆ ಉದಾಹರಣೆ ಅಷ್ಟೇ, ಇಂಥ ಪ್ರಸ್ತಾವ ಸರ್ಕಾರದಲ್ಲಿದೆ ಅಂತ ನಾನು ಹೇಳುತ್ತಿಲ್ಲ. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಬ್ರೆಜಿಲಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಫಿ ಬೆಳೆಯುವ ರಾಜ್ಯ ಮಿನಾಸ್ ಜೆರಾಯ್ಸ್. ಇಬ್ಬರೂ ಕಾಫಿಯವರು ಅಂತ ಇಲ್ಲಿಗೇ ನಿಲ್ಲಿಸಿದರೆ ಅದು ಬರೀ ಭಾಷಣ. ಸ್ವಲ್ಪ ಒಳಗೆ ಹೋಗಿ. ಕೊಡಗು, ಚಿಕ್ಕಮಗಳೂರಿನ ತೋಟ ಮರದ ನೆರಳಿನಲ್ಲಿದೆ, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ, ಇಳಿಜಾರು, ಕೊಯ್ಲೆಲ್ಲ ಕೈಯಲ್ಲಿ. ಅಲ್ಲಿನ ಬಹುಪಾಲು ತೋಟ ಬಯಲು ಬಿಸಿಲಿನಲ್ಲಿದೆ, ಎಷ್ಟೋ ಕಡೆ ಯಂತ್ರವೇ ಕೊಯ್ಯುತ್ತದೆ. ನಮಗೆ ಆಳಿನ ಕೊರತೆ, ಅವರಿಗೆ ಬರ ಮತ್ತು ಹಿಮದ ಕಾಟ. ನಮಗೆ ಯಂತ್ರದ ಅನುಭವ ಬೇಕು, ಅವರಿಗೆ ನೆರಳಿನ ಪಾಠ ಬೇಕಾಗಬಹುದು.

ಇನ್ನೊಂದು ಅನುಕೂಲವೂ ಇದೆ. ನಮ್ಮ ಕೊಯ್ಲು ನವೆಂಬರಿನಿಂದ ಮಾರ್ಚ್‌ವರೆಗೆ. ಅವರದು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ. ನಮ್ಮ ಬೆಳೆಗಾರ ಮಳೆಗಾಲದಲ್ಲಿ ಅಲ್ಲಿಗೆ ಹೋಗಿ ಅವರ ಕೊಯ್ಲು ನೋಡಬಹುದು, ಅವರು ಜನವರಿಯಲ್ಲಿ ಇಲ್ಲಿಗೆ ಬರಬಹುದು. ಯಾರ ಕೊಯ್ಲೂ ಕೆಡುವುದಿಲ್ಲ. ನಿಮ್ಮ ಕಾರಣ ಇಷ್ಟು ಹತ್ತಿರದ್ದಾಗಿರಬೇಕು.

*ಎಚ್ಚರ:* ಆರಿಸಿದ ವಿಷಯ ನಿಜವಾಗಿ ರಾಜ್ಯದ ಕೈಯಲ್ಲಿದೆಯಾ ನೋಡಿ. ಕಾಫಿ ಬೆಳೆಯುವುದು ನಮ್ಮಲ್ಲಿ, ಆದರೆ ಕಾಫಿ ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗಿದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಆ ಮಂಡಳಿಯದ್ದು. ಮೂಡಿಗೆರೆಯ ತೋಟಗಾರಿಕಾ ಕಾಲೇಜು ಮಾತ್ರ ರಾಜ್ಯದ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಹಾಗಾದರೆ ಮೂಡಿಗೆರೆಯಿಂದ ಶುರು ಮಾಡಿ, ಮಂಡಳಿಯನ್ನು ಆಮೇಲೆ ಕರೆಯಿರಿ. ಅತ್ತ ಮಿನಾಸ್ ಜೆರಾಯ್ಸ್‌ನ ಲಾವ್ರಾಸ್ ಊರಿನಲ್ಲಿ ಕಾಫಿ ಸಂಶೋಧನೆಗೆ ಹೆಸರಾದ ವಿಶ್ವವಿದ್ಯಾಲಯ ಇದೆ. ಎರಡು ಕಾಲೇಜುಗಳ ಮೇಷ್ಟ್ರುಗಳು ಒಂದು ವರ್ಷ ಪತ್ರ ಬರೆದುಕೊಂಡಿದ್ದರೆ ಮುಂದಿನ ಫೈಲಿಗೆ ಅದಕ್ಕಿಂತ ದೊಡ್ಡ ಬಲ ಇಲ್ಲ.

ಹಂತ 2: ರಾಜ್ಯವೋ, ನಗರವೋ? ತೀರ್ಮಾನಿಸಿ

ಚಿಕ್ಕದರಿಂದ ಶುರು ಮಾಡುವುದು ಒಳ್ಳೆಯದು. ಚೆಂಗ್ಡು-ಬೆಂಗಳೂರು 2013ರಲ್ಲಿ ಜೋಡಿಯಾದವು, ಎರಡು ವರ್ಷದ ಮೇಲೆ ಸಿಚುವಾನ್-ಕರ್ನಾಟಕ. ಚೆಂಗ್ಡು ಸಿಚುವಾನ್‌ನ ರಾಜಧಾನಿ.

ಆದರೆ ನಗರದ ದಾರಿಯಲ್ಲಿ ಒಂದು ಗುಂಡಿ ಇದೆ. ಅಮೆರಿಕದ ಸೋದರಿ ನಗರಗಳ ಪದ್ಧತಿಯಲ್ಲಿ ಮೇಯರ್‌ಗೆ ಮೇಯರೇ ಜೋಡಿ. ಬೆಂಗಳೂರಿನ ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಮೇಯರ್ ಇರಲಿಲ್ಲ. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆಗಳು ಬಂದವು. ಈಗ ಹೊರಗಿನವರು ‘ಬೆಂಗಳೂರಿನ ಪರವಾಗಿ ಯಾರು?’ ಅಂತ ಕೇಳಿದರೆ ಉತ್ತರ ಹೇಳುವವರು ಎರಡು ಸಲ ಯೋಚಿಸಬೇಕು. ಇಂಥ ಹೊತ್ತಿನಲ್ಲಿ ರಾಜ್ಯದ ಮಟ್ಟವೇ ವಾಸಿ.

ಹಂತ 3: ಆಚೆ ಕಡೆಯ ಸರಿಯಾದ ಬಾಗಿಲು ತಟ್ಟಿ

ಒಂದೊಂದು ದೇಶದಲ್ಲಿ ಒಂದೊಂದು ಪದ್ಧತಿ.

ಜರ್ಮನಿಯಲ್ಲಿ ರಾಜ್ಯ ಪ್ರಧಾನಿಯ ಕಚೇರಿ, ಅಲ್ಲಿ ‘ಸ್ಟಾಟ್ಸ್‌ಕಾನ್ಸ್‌ಲೈ’ ಅನ್ನುತ್ತಾರೆ, ಇದನ್ನು ನೋಡಿಕೊಳ್ಳುತ್ತದೆ. ಚೀನಾದಲ್ಲಿ ಪ್ರತಿ ಪ್ರಾಂತ್ಯಕ್ಕೂ ವಿದೇಶಾಂಗ ಕಚೇರಿ ಇದೆ, ಬೀಜಿಂಗ್‌ನ ಒಪ್ಪಿಗೆ ಇಲ್ಲದೆ ಅದು ಮುಂದೆ ಹೆಜ್ಜೆ ಇಡುವುದಿಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ಗವರ್ನರ್ ಕಚೇರಿ. ಮೇರಿಲ್ಯಾಂಡ್‌ನಂಥ ಕಡೆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯೇ ಸೋದರ ರಾಜ್ಯಗಳ ಕಾರ್ಯಕ್ರಮ ನಡೆಸುತ್ತದೆ, ಊರಿನ ಜನ ಸಮಿತಿ ಕಟ್ಟಿಕೊಂಡು ಕೈಜೋಡಿಸುತ್ತಾರೆ. ಕನ್ನಡ ಕೂಟಗಳಿಗೆ ಒಳಗೆ ಬರಲು ಇಂಥ ಸಮಿತಿಗಳೇ ಬಾಗಿಲು. ಆಸ್ಟ್ರೇಲಿಯಾದಲ್ಲಿ 2020ರ ಕಾನೂನಿನ ಪ್ರಕಾರ ರಾಜ್ಯಗಳು ಇಂಥ ಒಡಂಬಡಿಕೆಗಳನ್ನು ಕೇಂದ್ರಕ್ಕೆ ತಿಳಿಸಲೇಬೇಕು, ಬೇಡ ಅನ್ನಿಸಿದರೆ ಕೇಂದ್ರ ರದ್ದು ಮಾಡಬಹುದು. 2021ರಲ್ಲಿ ವಿಕ್ಟೋರಿಯಾ ರಾಜ್ಯ ಚೀನಾ ಜೊತೆ ಮಾಡಿಕೊಂಡಿದ್ದ ಒಪ್ಪಂದಗಳು ಹೀಗೇ ಹೋದವು.

ಜಪಾನಿನವರದು ಎಲ್ಲರಿಗಿಂತ ಕಟ್ಟುನಿಟ್ಟು. ಅಲ್ಲಿ ‘ಕ್ಲೇರ್’ ಅನ್ನುವ ಸಂಸ್ಥೆ ಇದೆ, ಸ್ಥಳೀಯ ಸರ್ಕಾರಗಳ ಅಂತರರಾಷ್ಟ್ರೀಯ ಕೆಲಸಕ್ಕೆಂದೇ 1988ರಲ್ಲಿ ಆದದ್ದು. ಅವರ ಪಟ್ಟಿಯಲ್ಲಿ ಸೋದರ ಸಂಬಂಧ ಅಂತ ಸೇರಬೇಕಾದರೆ ಮೂರು ಷರತ್ತು: ಎರಡೂ ಕಡೆಯ ಮುಖ್ಯಸ್ಥರ ಸಹಿ ಇರಬೇಕು, ಸಂಬಂಧ ಒಂದೇ ವಿಷಯಕ್ಕೆ ಸೀಮಿತವಾಗಿರಬಾರದು, ಸ್ಥಳೀಯ ಸಭೆಯ ಮುಂದೆ ಬಂದು ಅದರ ಖರ್ಚಿಗೆ ಒಪ್ಪಿಗೆ ಸಿಕ್ಕಿರಬೇಕು. ಮೂರನೆಯದು ನನಗೆ ಬಹಳ ಹಿಡಿಸುತ್ತದೆ. ಖರ್ಚಿಗೆ ಒಪ್ಪಿಗೆ ಇಲ್ಲದ ಸಂಬಂಧವನ್ನು ಅವರು ಸಂಬಂಧ ಅಂತಲೇ ಎಣಿಸುವುದಿಲ್ಲ.

*ಎಚ್ಚರ:* ಎದುರಿಗಿರುವವರು ಯಾರು ಅಂತ ಖಾತ್ರಿ ಮಾಡಿಕೊಳ್ಳಿ. ನಗಬೇಡಿ, ಇದು ನಡೆದಿದೆ. 2023ರ ಜನವರಿಯಲ್ಲಿ ಅಮೆರಿಕದ ನ್ಯೂವಾರ್ಕ್ ನಗರ ‘ಕೈಲಾಸ’ದ ಜೊತೆ ಸೋದರಿ ನಗರ ಒಪ್ಪಂದಕ್ಕೆ ಸಹಿ ಹಾಕಿತು. ನಮ್ಮ ಬಿಡದಿ ಆಶ್ರಮದ ನಿತ್ಯಾನಂದ ಘೋಷಿಸಿಕೊಂಡ ದೇಶ ಅದು. ಅಂಥ ದೇಶ ಇಲ್ಲವೇ ಇಲ್ಲ ಅಂತ ಗೊತ್ತಾಗಿ ಕೆಲವೇ ದಿನದಲ್ಲಿ ರದ್ದು ಮಾಡಿದರು. ಬಿಡದಿಯ ಯಾರಿಗಾದರೂ ಒಂದು ಫೋನ್ ಮಾಡಿದ್ದರೆ ಸಾಕಿತ್ತು, ಅಲ್ವಾ? ನೀವು ಮಾಡಬೇಕಾದದ್ದು ಇಷ್ಟು: ಆ ಪ್ರದೇಶಕ್ಕೆ ಸಂಬಂಧಪಟ್ಟ ಭಾರತದ ರಾಯಭಾರ ಅಥವಾ ಕಾನ್ಸುಲ್ ಕಚೇರಿಗೆ ಒಂದು ಪತ್ರ ಬರೆಯಿರಿ. ಕಾನ್ಸುಲ್ ಕಚೇರಿ ಅಂದರೆ ರಾಜಧಾನಿ ಬಿಟ್ಟು ಬೇರೆ ಊರಿನಲ್ಲಿರುವ ನಮ್ಮ ಸರ್ಕಾರದ ಕಚೇರಿ. ಬವೇರಿಯಾಕ್ಕೆ ಮ್ಯೂನಿಕ್‌ನಲ್ಲಿದೆ, ಸಿಚುವಾನ್‌ಗೆ ಗುವಾಂಗ್‌ಝೌನಲ್ಲಿದೆ. ಈ ಪತ್ರ ಮುಂದೆಯೂ ಕೆಲಸಕ್ಕೆ ಬರುತ್ತದೆ. ಫೈಲ್ ದೆಹಲಿಗೆ ಹೋದಾಗ ಅಭಿಪ್ರಾಯ ಕೇಳುವುದು ಆ ಕಚೇರಿಯನ್ನೇ.

ಹಂತ 4: ಇಲ್ಲಿ ಒಂದು ಇಲಾಖೆ, ಒಬ್ಬ ಅಧಿಕಾರಿ

ವಿಧಾನಸೌಧದಲ್ಲಿ ‘ಎಲ್ಲಾ ಇಲಾಖೆಗಳಿಗೆ ಸಂಬಂಧಿಸಿದ್ದು’ ಅಂದರೆ ಯಾವ ಇಲಾಖೆಗೂ ಸಂಬಂಧಿಸಿದ್ದಲ್ಲ ಅಂತ ಅರ್ಥ. ಒಂದು ಇಲಾಖೆಯನ್ನು ಹಿಡಿಯಿರಿ. ಕಾಫಿಯ ಉದಾಹರಣೆಯಲ್ಲಿ ತೋಟಗಾರಿಕೆ. ಕಾರ್ಖಾನೆ, ಹೂಡಿಕೆ ಇದ್ದರೆ ವಾಣಿಜ್ಯ ಮತ್ತು ಕೈಗಾರಿಕೆ. ತಂತ್ರಜ್ಞಾನವಾದರೆ ಐಟಿ-ಬಿಟಿ ಇಲಾಖೆ, ಅದಕ್ಕೆ ಹೊರದೇಶಗಳ ಜೊತೆ ವ್ಯವಹರಿಸಿ ಅಭ್ಯಾಸ ಇದೆ.

ಆ ಇಲಾಖೆಯ ಕಾರ್ಯದರ್ಶಿಗೆ ಎರಡು ಪುಟದ ಟಿಪ್ಪಣಿ ಕೊಡಿ. ಎರಡೇ ಪುಟ. ಅದರಲ್ಲಿ ಇರಬೇಕಾದದ್ದು: ಆ ರಾಜ್ಯದ ಪರಿಚಯ ನಾಲ್ಕು ಸಾಲು, ನೀವು ಕಂಡುಕೊಂಡ ಆ ಒಂದು ಕಾರಣ, ಈಗಾಗಲೇ ನಡೆದಿರುವ ಕೆಲಸ, ಆಚೆ ಕಡೆಯ ಅಧಿಕಾರಿಯ ಹುದ್ದೆ ಮತ್ತು ಅವರು ಬರೆದ ಪತ್ರದ ಪ್ರತಿ, ಮೊದಲ ವರ್ಷ ಮಾಡಬಹುದಾದ ಎರಡು ಕೆಲಸ, ಅವಕ್ಕೆ ತಗಲುವ ಖರ್ಚು. ಗಣ್ಯರ ಜೊತೆ ನಿಮ್ಮ ಫೋಟೋ ಬೇಡ. ಶಾಸಕರ ಶಿಫಾರಸು ಪತ್ರ ಇದ್ದರೆ ಕೊನೆಯಲ್ಲಿ ಲಗತ್ತಿಸಿ, ಮೊದಲ ಪುಟಕ್ಕೆ ಪಿನ್ ಮಾಡಬೇಡಿ.

ಆಮೇಲೆ ಕೇಳಬೇಕಾದದ್ದು ನೋಡಲ್ ಅಧಿಕಾರಿಯನ್ನು. ಅಂದರೆ ಈ ವಿಷಯಕ್ಕೆ ಉತ್ತರ ಹೇಳುವ ಹೊಣೆ ಹೊತ್ತವರು. ಆದೇಶದಲ್ಲಿ ಅವರ ಹೆಸರು ಬೇಡ, ಹುದ್ದೆ ಇರಲಿ. ಕಾರಣ ಒಂಬತ್ತನೇ ಹಂತದಲ್ಲಿ ಹೇಳುತ್ತೇನೆ.

ಕನ್ನಡ ಕೂಟದವರಿಗೆ ಒಂದು ಮಾತು. ನೀವು ಮಾಹಿತಿ ಕೊಡಬಹುದು, ಬಂದವರನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ದುಭಾಷಿಯಾಗಬಹುದು, ಮರೆತವರಿಗೆ ನೆನಪಿಸಬಹುದು. ಕರ್ನಾಟಕದ ಪರವಾಗಿ ಮಾತು ಕೊಡಲು ಮಾತ್ರ ಹೋಗಬೇಡಿ. ಅಲ್ಲಿನ ಗವರ್ನರ್ ಕಚೇರಿಗೆ ‘ಮುಖ್ಯಮಂತ್ರಿಗಳು ಒಪ್ಪಿದ್ದಾರೆ’ ಅಂತ ಹೇಳಿಬಿಟ್ಟರೆ ಅದನ್ನು ಸರಿಪಡಿಸುವುದರಲ್ಲೇ ಆರು ತಿಂಗಳು ಹೋಗುತ್ತದೆ.

ಹಂತ 5: ಮೊದಲು ಆಶಯ ಪತ್ರ

ಆಶಯ ಪತ್ರ ಅಂದರೆ ‘ಮಾತಾಡಿಕೊಳ್ಳಲು ನಮಗೆ ಇಷ್ಟ ಇದೆ’ ಅನ್ನುವ ಒಂದು ಪುಟದ ಪತ್ರ. ಮದುವೆಗೆ ಮುಂಚಿನ ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಇಲ್ಲಿ ಹಿಂದೆ ಸರಿದರೆ ಯಾರಿಗೂ ಅವಮಾನವಿಲ್ಲ. ಇದಕ್ಕೂ ದೆಹಲಿಗೆ ತಿಳಿಸಿಯೇ ಮುಂದುವರಿಯಿರಿ.

ಹಂತ 6: ಫೈಲ್ ದೆಹಲಿಗೆ

ಎಡವುವವರು ಜಾಸ್ತಿ ಎಡವುವುದು ಇಲ್ಲಿ. ಕರಡು ಸಿದ್ಧವಾದ ಮೇಲೆ ಇಲಾಖೆ ಕಾನೂನು ಇಲಾಖೆಯ ಅಭಿಪ್ರಾಯ ಪಡೆಯುತ್ತದೆ. ಖರ್ಚಿದ್ದರೆ ಆರ್ಥಿಕ ಇಲಾಖೆಯ ಸಹಮತಿಯೂ ಬೇಕು. ಮುಖ್ಯ ಕಾರ್ಯದರ್ಶಿಯವರ ಮೂಲಕ ಕರಡು ವಿದೇಶಾಂಗ ಸಚಿವಾಲಯಕ್ಕೆ ಹೋಗುತ್ತದೆ. ರಾಜ್ಯಗಳ ಇಂಥ ಕೆಲಸಕ್ಕೆಂದೇ ಅಲ್ಲಿ 2014ರ ಅಕ್ಟೋಬರಿನಲ್ಲಿ ‘ಸ್ಟೇಟ್ಸ್ ಡಿವಿಷನ್’ ಅನ್ನುವ ವಿಭಾಗ ಶುರುವಾಯಿತು. ಆ ದೇಶವನ್ನು ನೋಡಿಕೊಳ್ಳುವ ವಿಭಾಗ, ನಮ್ಮ ರಾಯಭಾರ ಕಚೇರಿ, ಕಾನೂನು ನೋಡುವವರು, ಎಲ್ಲರೂ ಕರಡು ಓದುತ್ತಾರೆ. ಅವರ ಒಪ್ಪಿಗೆ ಬರುವವರೆಗೆ ದಿನಾಂಕ ಗೊತ್ತು ಮಾಡಬೇಡಿ, ಹಾಲ್ ಬುಕ್ ಮಾಡಬೇಡಿ, ಪತ್ರಿಕೆಗೆ ಹೇಳಬೇಡಿ.

ದೆಹಲಿಯವರು ಬರೀ ಅಕ್ಷರ ನೋಡುವುದಿಲ್ಲ, ಎರಡು ದೇಶಗಳ ನಡುವಿನ ಹವಾಮಾನವನ್ನೂ ನೋಡುತ್ತಾರೆ. 2013ರಿಂದ 2015ರವರೆಗೆ ಚೀನಾದ ನಗರ, ಪ್ರಾಂತ್ಯಗಳ ಜೊತೆ ಸಾಲುಸಾಲಾಗಿ ಒಪ್ಪಂದಗಳಾದವು: ಗುಜರಾತ್-ಗುವಾಂಗ್‌ಡಾಂಗ್, ಚೆನ್ನೈ-ಚೋಂಗ್‌ಕಿಂಗ್, ಹೈದರಾಬಾದ್-ಕಿಂಗ್ಡಾವೊ. 2020ರ ಜೂನ್‌ನಲ್ಲಿ ಗಾಲ್ವಾನ್ ಘರ್ಷಣೆ ಆಯಿತು. ಆಮೇಲೆ ಆ ಕಡೆಯ ಫೈಲುಗಳಿಗೆ ಮೊದಲಿನ ಓಟ ಇರಲಿಲ್ಲ. ನಿಮ್ಮ ಕರಡಿನಲ್ಲಿ ತಪ್ಪೇ ಇಲ್ಲದಿದ್ದರೂ ಕಾಯಬೇಕಾಗಬಹುದು.

ಹಂತ 7: ಕರಡು ಬರೆಯುವುದು

ಇಲ್ಲಿ ಆತುರ ಬೇಡ. ಒಂದೊಂದಾಗಿ ನೋಡೋಣ.

ಕ್ರಿಯಾಪದದಿಂದ ಶುರು ಮಾಡಿ. ಸರ್ಕಾರಿ ಕನ್ನಡದಲ್ಲಿ ‘ತಕ್ಕದ್ದು’ ಅಂದರೆ ಕಡ್ಡಾಯ. ‘ಉಭಯ ಸರ್ಕಾರಗಳು ವಿನಿಮಯ ನಡೆಸತಕ್ಕದ್ದು’ ಅಂತ ಬರೆದರೆ ಅದು ಕಾನೂನಿನ ಧ್ವನಿ, ದೆಹಲಿಯಲ್ಲಿ ಕೆಂಪು ಗೆರೆ ಬೀಳುತ್ತದೆ. ‘ನಡೆಸಲು ಉದ್ದೇಶಿಸಿವೆ’ ಅನ್ನಿ. ಇಂಗ್ಲಿಷ್ ಪ್ರತಿಯಲ್ಲೂ ‘ಶಲ್’ ಬೇಡ.

ಒಂದು ಮಾದರಿ ನೋಡಿ:

"ಉಭಯ ಸರ್ಕಾರಗಳು ಕಾಫಿ ಕೃಷಿ, ತೋಟಗಾರಿಕಾ ಶಿಕ್ಷಣ ಮತ್ತು ಗ್ರಾಮೀಣ ಪ್ರವಾಸೋದ್ಯಮದಲ್ಲಿ ಸಹಕರಿಸಲು ಉದ್ದೇಶಿಸಿವೆ. ಪ್ರತಿ ಸರ್ಕಾರವೂ ತನ್ನ ಖರ್ಚನ್ನು ತನ್ನ ಆಯವ್ಯಯದ ಮಿತಿಯಲ್ಲಿ ತಾನೇ ಭರಿಸುತ್ತದೆ. ಈ ಒಡಂಬಡಿಕೆಯಿಂದ ಅಂತರರಾಷ್ಟ್ರೀಯ ಕಾನೂನಿನಡಿ ಯಾವ ಹಕ್ಕು ಅಥವಾ ಬಾಧ್ಯತೆಯೂ ಹುಟ್ಟುವುದಿಲ್ಲ. ಇದು ಸಹಿಯಾದ ದಿನದಿಂದ ಐದು ವರ್ಷ ಜಾರಿಯಲ್ಲಿರುತ್ತದೆ. ಯಾವುದೇ ಕಡೆಯವರು ಆರು ತಿಂಗಳು ಮುಂಚಿತವಾಗಿ ಲಿಖಿತವಾಗಿ ತಿಳಿಸಿ ಇದನ್ನು ಕೊನೆಗೊಳಿಸಬಹುದು."

ವಿಷಯ ಮೂರು ಇದೆ ಗಮನಿಸಿ. ಹದಿನೈದು ಹಾಕುವವರಿದ್ದಾರೆ: ಬಾಹ್ಯಾಕಾಶದಿಂದ ಯೋಗದವರೆಗೆ. ಹದಿನೈದು ಬರೆದರೆ ಹದಿನೈದು ಇಲಾಖೆಯ ಅಭಿಪ್ರಾಯ ಬೇಕು.

ಅವಧಿ ಹಾಕದೆ ಬಿಡಬೇಡಿ. ಅವಧಿ ಇಲ್ಲದ ಒಡಂಬಡಿಕೆ ಸಾಯುವುದೂ ಇಲ್ಲ, ಬದುಕುವುದೂ ಇಲ್ಲ. ಭಿನ್ನಾಭಿಪ್ರಾಯ ಬಂದರೆ ಮಾತುಕತೆಯಲ್ಲೇ ಬಗೆಹರಿಸಿಕೊಳ್ಳುವುದು ಅಂತ ಒಂದು ಸಾಲು ಹಾಕಿ. ಸಂಶೋಧನೆ ಇದ್ದರೆ ಅದರ ಫಲ ಯಾರದು ಅನ್ನುವುದಕ್ಕೆ ಕಾಲೇಜುಗಳ ನಡುವೆ ಬೇರೆ ಪತ್ರ ಮಾಡಿಕೊಳ್ಳಲಿ, ಇದರೊಳಗೆ ತುರುಕಬೇಡಿ. ಸಹಿ ಹಾಕಿದ ಸಂಸ್ಥೆಯೇ ಬದಲಾದರೆ ಅದರ ಜಾಗಕ್ಕೆ ಬಂದವರು ಮುಂದುವರಿಸುತ್ತಾರೆ ಅಂತಲೂ ಸೇರಿಸಿ. ಬಿಬಿಎಂಪಿ ಕಥೆ ಮೇಲೆ ಹೇಳಿದೆನಲ್ಲ.

ಇನ್ನು ರಾಜಕೀಯದ ಸಾಲುಗಳು. 2016ರಲ್ಲಿ ಪ್ರಾಗ್ ನಗರ ಬೀಜಿಂಗ್ ಜೊತೆ ಸೋದರಿ ನಗರ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ ‘ಒಂದೇ ಚೀನಾ’ ನೀತಿಯನ್ನು, ಅಂದರೆ ತೈವಾನ್ ಚೀನಾದ್ದೇ ಭಾಗ ಅನ್ನುವುದನ್ನು, ಒಪ್ಪುವ ಒಂದು ವಾಕ್ಯ ಇತ್ತು. ಹೊಸ ಮೇಯರ್ ಬಂದವರು ಆ ವಾಕ್ಯ ತೆಗೆಯಿರಿ ಅಂದರು, ಬೀಜಿಂಗ್ ಒಪ್ಪಲಿಲ್ಲ, 2019ರಲ್ಲಿ ಸಂಬಂಧ ಮುರಿಯಿತು. ಸಂಗೀತ, ಶಾಲೆ, ಪ್ರವಾಸ ಅಂತ ಶುರುವಾದದ್ದು ಒಂದು ವಾಕ್ಯಕ್ಕೆ ನಿಂತುಹೋಯಿತು. ಗಡಿ, ಸಾರ್ವಭೌಮತ್ವ, ಮೂರನೇ ದೇಶ, ಇವುಗಳ ಬಗ್ಗೆ ಆಚೆಯವರ ಕರಡಿನಲ್ಲಿ ಅರ್ಧ ಸಾಲು ಇದ್ದರೂ ಗುರುತು ಹಾಕಿ ದೆಹಲಿಗೆ ತೋರಿಸಿ. ಜೊತೆಗೆ ಬರುವ ನಕ್ಷೆಗಳನ್ನೂ ನೋಡಿ.

ಭಾಷೆ. ಕನ್ನಡ ಪ್ರತಿ ಇರಲೇಬೇಕು ಅಂತ ಮೊದಲ ದಿನವೇ ಹೇಳಿ, ಕೊನೆಯಲ್ಲಿ ಹೇಳಿದರೆ ‘ಸಮಯ ಇಲ್ಲ’ ಅನ್ನುತ್ತಾರೆ. ಬ್ರೆಜಿಲ್ ಆದರೆ ಪೋರ್ಚುಗೀಸ್, ಕನ್ನಡ, ಇಂಗ್ಲಿಷ್: ಮೂರು ಪ್ರತಿ. ಅರ್ಥದಲ್ಲಿ ವ್ಯತ್ಯಾಸ ಬಂದರೆ ಇಂಗ್ಲಿಷ್ ಪ್ರತಿ ಅಂತಿಮ ಅಂತ ಬರೆಯುವುದು ವಾಡಿಕೆ.

*ಎಚ್ಚರ:* ಕನ್ನಡ ಪ್ರತಿಯನ್ನು ಯೂನಿಕೋಡ್‌ನಲ್ಲಿ, ಅಂದರೆ ಯಾವ ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಅಕ್ಷರ ವ್ಯವಸ್ಥೆಯಲ್ಲಿ, ಟೈಪ್ ಮಾಡಿಸಿ, ಪಿಡಿಎಫ್ ಮಾಡಿ ಕಳಿಸಿ. ನಾನು ಒಮ್ಮೆ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿದ್ದ ಕಡತವನ್ನು ಹಾಗೇ ಕಳಿಸಿ ಕೈಸುಟ್ಟುಕೊಂಡೆ. ಆಚೆ ಕಡೆಯವರು ಅಂದವಾದ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿಯೂ ಬಿಟ್ಟಿದ್ದರು. ಪೂರಾ ಪುಟ ಲ್ಯಾಟಿನ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ. ಅವರಿಗೆ ಅದೇ ಕನ್ನಡ ಅಂತ ಅನ್ನಿಸಿತ್ತು, ಪಾಪ. ಸಹಿಗೆ ಒಂದು ರಾತ್ರಿ ಬಾಕಿ ಇತ್ತು.

ಹಂತ 8: ಪ್ರಯಾಣ, ಆತಿಥ್ಯ, ಉಡುಗೊರೆ, ಸಹಿ

ಮಂತ್ರಿಗಳು, ಅಧಿಕಾರಿಗಳು ಸರ್ಕಾರಿ ಕೆಲಸಕ್ಕೆ ಹೊರಡುವುದಕ್ಕೆ ವಿದೇಶಾಂಗ ಸಚಿವಾಲಯದ ಪೊಲಿಟಿಕಲ್ ಕ್ಲಿಯರೆನ್ಸ್ ಬೇಕು. ಅಂದರೆ ಈ ಹೊತ್ತಿನಲ್ಲಿ ಈ ದೇಶಕ್ಕೆ ಹೋಗುವುದಕ್ಕೆ ಅಡ್ಡಿಯಿಲ್ಲ ಅನ್ನುವ ಅನುಮತಿ. ಇದು ಎಲ್ಲರಿಗೂ ಗೊತ್ತು. ಮರೆಯುವುದು ಇನ್ನೊಂದನ್ನು. ಆಚೆಯವರು ‘ಟಿಕೆಟ್, ಹೋಟೆಲ್ ನಮ್ಮದು’ ಅಂದರೆ ಅದು ವಿದೇಶಿ ಆತಿಥ್ಯ. 2010ರ ವಿದೇಶಿ ದೇಣಿಗೆ ಕಾಯ್ದೆಯ 6ನೇ ಕಲಮಿನ ಪ್ರಕಾರ ಶಾಸಕರು, ಸರ್ಕಾರಿ ನೌಕರರು, ಪಕ್ಷಗಳ ಪದಾಧಿಕಾರಿಗಳು ಅದಕ್ಕೆ ಕೇಂದ್ರದ ಮುಂಗಡ ಅನುಮತಿ ಪಡೆಯಬೇಕು. ಅದಕ್ಕೆಂದೇ ಎಫ್‌ಸಿ-2 ಅನ್ನುವ ಅರ್ಜಿ ಇದೆ. ನಿಮ್ಮ ಕನ್ನಡ ಕೂಟ ಪ್ರೀತಿಯಿಂದ ಹೋಟೆಲ್ ಬಿಲ್ ಕಟ್ಟಲು ಹೊರಟರೂ ಮೊದಲು ಇದನ್ನು ವಿಚಾರಿಸಿ.

ಉಡುಗೊರೆಗೆ ಎಲ್ಲರ ಕಣ್ಣು ಬೀಳುವುದು ಮೈಸೂರಿನ ಬೀಟೆ ಮರದ ಆನೆಯ ಮೇಲೆ. ಚೆಂದವೇ. ಆದರೆ ಬೀಟೆ ‘ಸೈಟಿಸ್’ ಪಟ್ಟಿಯಲ್ಲಿದೆ. ಅಳಿವಿನ ಅಂಚಿನ ಗಿಡಮರ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಅದು. ಭಾರದ ಸಾಮಾನಾದರೆ ಕಾಗದಪತ್ರ ಬೇಕು, ಇಲ್ಲದಿದ್ದರೆ ಆನೆ ಕಸ್ಟಮ್ಸ್‌ನಲ್ಲಿ ನಿಲ್ಲುತ್ತದೆ. ಚನ್ನಪಟ್ಟಣದ ಗೊಂಬೆ, ಬೀದರಿನ ಬಿದ್ರಿ ಕೆಲಸದ ಪುಟ್ಟ ಹೂದಾನಿ, ಇವು ಹಗುರ.

ಸಹಿಯ ದಿನದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಹೆಸರು, ಹುದ್ದೆಯ ಅಕ್ಷರ ನೋಡಿಕೊಳ್ಳಿ. ಧ್ವಜ ತಲೆಕೆಳಗಾಗದಿರಲಿ. ಸಹಿಯಾದ ಎಲ್ಲ ಪ್ರತಿಗಳನ್ನೂ ಅಲ್ಲೇ ಸ್ಕ್ಯಾನ್ ಮಾಡಿ.

ಹಂತ 9: ಆಮೇಲೆ

ಈಗ ಬಂತು ಅಸಲಿ ಕೆಲಸ. ಸಂಬಂಧ ಸಾಯುವುದು ಜಗಳದಿಂದ ಅಲ್ಲ, ವರ್ಗಾವಣೆಯಿಂದ. ಒಡಂಬಡಿಕೆ ತಂದ ಅಧಿಕಾರಿ ವರ್ಗವಾಗಿ ಹೋಗುತ್ತಾರೆ. ಹೊಸಬರಿಗೆ ಅದು ಹಳಬರ ಫೈಲು. ಆಚೆಯವರ ಇ-ಮೇಲ್ ಹಳೆಯ ವಿಳಾಸಕ್ಕೆ ಬಂದು ಬೀಳುತ್ತಿರುತ್ತದೆ, ಯಾರೂ ಓದುವುದಿಲ್ಲ. ಎರಡು ಸಲ ಬರೆದು ಅವರೂ ಸುಮ್ಮನಾಗುತ್ತಾರೆ.

ಇದಕ್ಕೆ ಮೂರು ಮದ್ದು. ನೋಡಲ್ ಅಧಿಕಾರಿಯನ್ನು ಹುದ್ದೆಯ ಹೆಸರಿನಲ್ಲಿ ನೇಮಿಸಿ, ಇ-ಮೇಲ್ ಕೂಡ ಹುದ್ದೆಯ ಹೆಸರಿನಲ್ಲೇ ಇರಲಿ. ಆಯವ್ಯಯದಲ್ಲಿ ಒಂದು ಲೆಕ್ಕ ಶೀರ್ಷಿಕೆ ಮಾಡಿಸಿ, ಎಷ್ಟೇ ಸಣ್ಣ ಮೊತ್ತವಿರಲಿ. ಹಣದ ಸಾಲು ಇದ್ದರೆ ವರ್ಷಕ್ಕೊಮ್ಮೆಯಾದರೂ ಯಾರಾದರೂ ‘ಇದೇನು?’ ಅಂತ ಕೇಳುತ್ತಾರೆ. ಮೂರನೆಯದು ತಾರೀಕು. ಪ್ರತಿ ಜನವರಿಯ ಎರಡನೇ ವಾರ ವಿಡಿಯೊ ಸಭೆ, ಪ್ರತಿ ಜುಲೈಯಲ್ಲಿ ಇಬ್ಬರು ಬೆಳೆಗಾರರು ಅಥವಾ ವಿದ್ಯಾರ್ಥಿಗಳು ಆ ಕಡೆಗೆ, ಹೀಗೆ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ‘ಕಾಲಕಾಲಕ್ಕೆ ಸಭೆ’ ಅಂದರೆ ಸಭೆ ಇಲ್ಲ ಅಂತ.

ಕಳಿಸುವಾಗ ದೊಡ್ಡವರನ್ನೇ ಕಳಿಸಬೇಕಿಲ್ಲ. ಅಯೋವಾಕ್ಕೆ ಚೀನಾದ ಹೆಬೈ ಪ್ರಾಂತ್ಯದ ಜೊತೆಗೂ 1983ರಿಂದ ಸಂಬಂಧ ಇದೆ. 1985ರಲ್ಲಿ ಅಲ್ಲಿಂದ ಒಂದು ಸಣ್ಣ ಕೃಷಿ ತಂಡ ಬಂತು. ಅದರಲ್ಲಿದ್ದ ಒಬ್ಬ ಕೌಂಟಿ ಮಟ್ಟದ ಅಧಿಕಾರಿ ಮಸ್ಕಟೀನ್ ಅನ್ನುವ ಪುಟ್ಟ ಊರಿನಲ್ಲಿ ಒಂದು ಮನೆಯಲ್ಲಿ ಉಳಿದುಕೊಂಡಿದ್ದ. ಹೆಸರು ಷಿ ಜಿನ್‌ಪಿಂಗ್. 2012ರಲ್ಲಿ ಉಪಾಧ್ಯಕ್ಷರಾಗಿ ಅಮೆರಿಕಕ್ಕೆ ಬಂದಾಗ ಅದೇ ಊರಿಗೆ ಹೋಗಿ ಹಳಬರನ್ನು ಕಂಡರು. ನಿಮ್ಮ ತಂಡದಲ್ಲಿ ತಾಲ್ಲೂಕು ಮಟ್ಟದ ತೋಟಗಾರಿಕಾ ಅಧಿಕಾರಿಗೂ ಒಂದು ಸೀಟ್ ಇಡಿ.

ಮುಗಿಸುವುದಕ್ಕೂ ಒಂದು ಕ್ರಮ ಇದೆ. ಒಸಾಕಾ ಮತ್ತು ಸ್ಯಾನ್ ಫ್ರಾನ್ಸಿಸ್ಕೊ 1957ರಿಂದ ಜೋಡಿಯಾಗಿದ್ದವು. ಯುದ್ಧಕಾಲದಲ್ಲಿ ಜಪಾನಿ ಸೇನೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಂಗಸರ ನೆನಪಿನ ಪ್ರತಿಮೆಯನ್ನು ಸ್ಯಾನ್ ಫ್ರಾನ್ಸಿಸ್ಕೊ ಒಪ್ಪಿಕೊಂಡಿತು ಅಂತ ಒಸಾಕಾ ಮೇಯರ್ 2018ರಲ್ಲಿ ಸಂಬಂಧ ಕಡಿದರು. ಅರವತ್ತು ವರ್ಷದ ಸಂಬಂಧ ಒಂದು ಪತ್ರದಲ್ಲಿ ಹೋಯಿತು. ಇಂಥದ್ದು ಬಂದರೆ ರಾಜ್ಯದಲ್ಲಿ ಕುಳಿತು ಉತ್ತರ ಬರೆಯಬೇಡಿ, ಅದೇ ದಿನ ವಿದೇಶಾಂಗ ಸಚಿವಾಲಯಕ್ಕೆ ತಿಳಿಸಿ. ಮೇಷ್ಟ್ರುಗಳ, ವಿದ್ಯಾರ್ಥಿಗಳ ಕೆಲಸ ಕಾಲೇಜುಗಳ ಪತ್ರದ ಮೇಲೆ ನಡೆಯುತ್ತಿದ್ದರೆ ಅದು ತನ್ನ ಪಾಡಿಗೆ ಮುಂದುವರಿಯಲಿ.

ಜಗಳ ಏನೂ ಇಲ್ಲದೆ ಐದು ವರ್ಷ ತುಂಬುತ್ತಾ ಬಂದರೆ, ಆರು ತಿಂಗಳು ಮುಂಚೆಯೇ ನವೀಕರಣದ ಫೈಲ್ ಎಬ್ಬಿಸಿ. ಹಂತ 6 ಪುನಃ ಪೂರಾ ಆಗಬೇಕು. ಟಿಪ್ಪಣಿಯ ಮೊದಲ ಪುಟದಲ್ಲಿ ಐದು ವರ್ಷದಲ್ಲಿ ಯಾರು ಹೋದರು, ಯಾರು ಬಂದರು, ಎಷ್ಟು ಖರ್ಚಾಯಿತು ಅನ್ನುವ ಪಟ್ಟಿ ಹಾಕಿ. ಪಟ್ಟಿ ಖಾಲಿ ಇದ್ದರೆ ನವೀಕರಣ ಕೇಳಬೇಡಿ, ಅವಧಿ ಮುಗಿಯಲು ಬಿಡಿ.